ಹುಚ್ಚು, ಅಪರಾಧ ಮತ್ತು ವೈದ್ಯನ ಭವಿಷ್ಯವಾಣಿ

1843ರ ಜನವರಿ 20ರಂದು ಲಂಡನ್ ನಗರದ ರಾಜಬೀದಿಯೊಂದರಲ್ಲಿ ಎಡ್ವರ್ಡ್ ಡ್ರಮಂಡ್ ಎಂಬ ಸರ್ಕಾರಿ ಅಧಿಕಾರಿ ನಡೆದುಹೋಗುತ್ತಿದ್ದನು. ಹಿಂದಿನಿಂದ ಬಂದ ಮನುಷ್ಯನೊಬ್ಬನು ಪಿಸ್ತೂಲನ್ನು ಆತನ ಬೆನ್ನಿಗೆ ಗುರಿಯಿಟ್ಟು ಗುಂಡು ಹಾರಿಸಿದನು. ಐದು ದಿನಗಳ ಬಳಿಕ ಡ್ರಮಂಡ್ ಮರಣ ಹೊಂದಿದನು. ಆತ ಬ್ರಿಟನ್ನಿನ ಪ್ರಧಾನಮಂತ್ರಿ ಸರ್ ರಾಬರ್ಟ್ ಪೀಲನ ಆಪ್ತ ಕಾರ್ಯದರ್ಶಿ. ಕೊಂದವನು ಗ್ಲಾಸ್ಗೋ ನಗರದಲ್ಲಿ ಮರಗೆಲಸ ಮಾಡಿಕೊಂಡಿದ್ದ ಡೇನಿಯಲ್ ಮೆಕ್‌ನಾಟನ್. ಆಳುವ ಟೋರಿ ಪಕ್ಷದವರು ಹೋದಲ್ಲಿ ಬಂದಲ್ಲಿ ತನ್ನನ್ನು ಹಿಂಬಾಲಿಸುತ್ತಿದ್ದಾರೆ, ಹಗಲಿರುಳೂ ತನಗೆ ನೆಮ್ಮದಿಯಿಲ್ಲದಂತೆ ಮಾಡಿದ್ದಾರೆ ಎಂಬ ಭ್ರಾಂತಿ ಅವನನ್ನು ವರ್ಷಗಟ್ಟಲೆ ಕಾಡಿತ್ತು. ಅವನು ಕೊಲ್ಲಬೇಕೆಂದಿದ್ದುದು ಪ್ರಧಾನಮಂತ್ರಿಯನ್ನು, ಕೊಂದುದು ಕಾರ್ಯದರ್ಶಿಯನ್ನು.

ಮಾರ್ಚ್ ತಿಂಗಳಲ್ಲಿ ವಿಚಾರಣೆ ನಡೆಯಿತು. ಒಬ್ಬರ ಹಿಂದೆ ಒಬ್ಬರಂತೆ ವೈದ್ಯರು ಸಾಕ್ಷಿ ನುಡಿದು, ಈತನಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲವೆಂದರು. ಅವರಲ್ಲಿ ಕೆಲವರು ಕೈದಿಯನ್ನು ಪರೀಕ್ಷಿಸಿದವರೇ ಅಲ್ಲ. ನ್ಯಾಯಾಲಯದಲ್ಲಿ ಕುಳಿತು ಸಾಕ್ಷ್ಯ ಕೇಳಿದವರು ಮಾತ್ರ. ಸರ್ಕಾರದ ಕಡೆಯಿಂದ ಇದಕ್ಕೆ ಎದುರಾಗಿ ಒಬ್ಬ ವೈದ್ಯನೂ ನಿಲ್ಲಲಿಲ್ಲ. ಪಂಚರು ತಮ್ಮ ಸ್ಥಾನ ಬಿಟ್ಟು ಏಳುವ ಮೊದಲೇ ‘ಬುದ್ಧಿಭ್ರಮಣೆಯ ಕಾರಣದಿಂದ ನಿರಪರಾಧಿ’ ಎಂದು ತೀರ್ಮಾನ ಹೇಳಿಬಿಟ್ಟರು.

ಊರಿಗೆ ಊರೇ ಸಿಡಿದೆದ್ದಿತು. ಕೊಲೆಗಡುಕನನ್ನು ವೈದ್ಯರು ಬಿಡಿಸಿಕೊಟ್ಟರೆಂದು ಪತ್ರಿಕೆಗಳು ಹುಯಿಲೆಬ್ಬಿಸಿದುವು. ವಿಕ್ಟೋರಿಯಾ ರಾಣಿಗೂ ಅಸಮಾಧಾನವಾಯಿತು. ಆಗ ಲಾರ್ಡ್ಸ್ ಸಭೆ ನ್ಯಾಯಾಧೀಶರನ್ನು ಕರೆಸಿ ಕೆಲವು ಪ್ರಶ್ನೆಗಳನ್ನು ಕೇಳಿತು. ಅವರು ಕೊಟ್ಟ ಉತ್ತರಗಳೇ ‘ಮೆಕ್‌ನಾಟನ್ ಸೂತ್ರಗಳು’ ಎಂದು ಹೆಸರಾದುವು. ಮಾಡುತ್ತಿರುವ ಕೃತ್ಯವೇನೆಂಬುದೇ ತಿಳಿಯದಷ್ಟು, ಅಥವಾ ಅದು ತಪ್ಪೆಂಬುದು ತಿಳಿಯದಷ್ಟು ಬುದ್ಧಿ ಕೆಟ್ಟಿದ್ದರೆ ಮಾತ್ರ ಮನುಷ್ಯ ಶಿಕ್ಷೆಯಿಂದ ಪಾರಾಗಬಹುದು ಎಂಬುದು ಅವುಗಳ ಸಾರ. ಇದೇ ಭಾವನೆ 1860ರ ಭಾರತ ದಂಡ ಸಂಹಿತೆಯ 84ನೆಯ ಕಲಮಾಗಿ ಈ ದೇಶಕ್ಕೂ ಬಂದಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿ ಈಗಲೂ ಉಳಿದಿದೆ.

ಗದ್ದಲದ ನಡುವೆ ಒಂದು ಸಂಗತಿಯನ್ನು ಮಾತ್ರ ಯಾರೂ ಗಮನಿಸಲಿಲ್ಲ. ‘ಬಿಡುಗಡೆ’ಯಾದ ಮೆಕ್‌ನಾಟನ್ ಮನೆಗೆ ಹೋಗಲಿಲ್ಲ. ಅವನನ್ನು ಮೊದಲು ಬೆತ್ಲೆಮ್ ಹುಚ್ಚಾಸ್ಪತ್ರೆಗೂ 1864ರಲ್ಲಿ ಬ್ರಾಡ್‌ಮೂರಿಗೂ ಸಾಗಿಸಿದರು. 1865ರಲ್ಲಿ, ಸೆರೆ ಸೇರಿದ ಇಪ್ಪತ್ತೆರಡು ವರ್ಷಗಳ ತರುವಾಯ, ಬೀಗದ ಒಳಗೇ ಅವನು ಸತ್ತನು.

ಅವಳಿ ಸಂದೇಹಗಳು

ಅಂದಿನಿಂದ ಜನರ ಮನಸ್ಸಿನಲ್ಲಿ ಎರಡು ಸಂದೇಹಗಳು ಅವಳಿ ಮಕ್ಕಳಂತೆ ಬೆಳೆದಿವೆ. ಹುಚ್ಚನಾದವನು ಯಾವ ಗಳಿಗೆಯಲ್ಲಿ ಏನು ಮಾಡಿಯಾನೋ, ಕೊಲೆಗೂ ಹೇಸಲಾರ ಎಂಬುದು ಮೊದಲನೆಯದು. ಮನೋವೈದ್ಯನ ಮಾತನ್ನು ನಂಬುವಂತಿಲ್ಲ, ಆತ ಅಪರಾಧಿಯನ್ನು ಹುಚ್ಚನೆಂದು ಬಿಡಿಸಿಯಾನು, ಸರಿಯಾಗಿರುವವನನ್ನು ಹುಚ್ಚನೆಂದು ಹಿಡಿಸಿಯಾನು ಎಂಬುದು ಎರಡನೆಯದು. ವಿಚಿತ್ರವೆಂದರೆ, ಮೊದಲನೆಯ ಸಂದೇಹ ತಲೆಯೆತ್ತಿದ ಕೂಡಲೇ ಜನರು ಎರಡನೆಯದನ್ನು ಮರೆತು ಅದೇ ವೈದ್ಯನ ಬಾಗಿಲಿಗೆ ಓಡುತ್ತಾರೆ. ‘ಇವನು ಅಪಾಯಕಾರಿಯೇ ಅಲ್ಲವೇ, ನೀವೇ ಹೇಳಿ’ ಎಂದು ಕೇಳುತ್ತಾರೆ. ನಂಬಬೇಕಾದ ಕಡೆ ನಂಬದೆ, ನಂಬಬಾರದ ಕಡೆ ನಂಬುವ ಈ ಪದ್ಧತಿಯಿಂದ ಕೆಟ್ಟವರು ಒಬ್ಬಿಬ್ಬರಲ್ಲ. ಆದುದರಿಂದ ಎರಡನ್ನೂ ಬೇರೆಬೇರೆಯಾಗಿ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು.

ಮೊದಲನೆಯ ಸಂದೇಹಕ್ಕೆ ನೀರೆರೆದು ಬೆಳೆಸಿದವರಲ್ಲಿ ಪತ್ರಿಕೆ ಹಾಗೂ ಸಿನಿಮಾಗಳು ಅಗ್ರಗಣ್ಯರು. 1960ರಲ್ಲಿ ತೆರೆಕಂಡ ಹಿಚ್‌ಕಾಕನ ‘ಸೈಕೋ’ ಚಿತ್ರದ ಹೆಸರು ಇಂದು ಕನ್ನಡದ ಬೀದಿ ಮಾತಿನಲ್ಲಿಯೂ ಬೈಗುಳಾಗಿ ಓಡಾಡುತ್ತಿದೆ. ಒಬ್ಬ ಕುಡುಕನು ಹೆಂಡತಿಯನ್ನು ಕೊಂದರೆ ಸುದ್ದಿಯಲ್ಲಿ ಅವನ ಜೀರ್ಣಾಂಗದ ಕಾಯಿಲೆಯನ್ನು ಯಾರೂ ಬರೆಯುವುದಿಲ್ಲ. ಎಂದೋ ಒಮ್ಮೆ ಮನೋವೈದ್ಯರ ಬಳಿ ಹೋಗಿದ್ದನೆಂದು ತಿಳಿದರೆ ಅದೇ ತಲೆಬರಹವಾಗುತ್ತದೆ. ಕಾಯಿಲೆಯೊಂದಿಗೆ ಬದುಕುತ್ತ ದಿನವೂ ಕಛೇರಿಗೆ ಹೋಗಿ, ಸಂಜೆ ಸೊಪ್ಪು ತರಕಾರಿ ಕೊಂಡು ಮನೆಗೆ ಮರಳುವ ಲಕ್ಷಾಂತರ ಮಂದಿಯ ಸುದ್ದಿಯನ್ನು ಯಾವ ಪತ್ರಿಕೆ ತಾನೇ ಅಚ್ಚು ಮಾಡೀತು?

ಲೆಕ್ಕ ಹೇಳುವುದೇನು?

ಈ ಪ್ರಶ್ನೆಗೆ ಭಾವಾವೇಶದಿಂದಲ್ಲ, ಲೆಕ್ಕದಿಂದ ಉತ್ತರ ಹುಡುಕಿದವರಿದ್ದಾರೆ. ಸ್ವೀಡನ್ ದೇಶದಲ್ಲಿ ಆಸ್ಪತ್ರೆಗಳ ದಾಖಲೆಯೂ ನ್ಯಾಯಾಲಯಗಳ ದಾಖಲೆಯೂ ಅಚ್ಚುಕಟ್ಟಾಗಿ ದೊರೆಯುತ್ತವೆ. 1988ರಿಂದ 2000ದವರೆಗಿನ ಆ ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಿ, 2006ರಲ್ಲಿ ಸಂಶೋಧಕರು ಫಲಿತಾಂಶ ಪ್ರಕಟಿಸಿದರು. ಆ ದೇಶದಲ್ಲಿ ನಡೆದ ಹಿಂಸಾತ್ಮಕ ಅಪರಾಧಗಳಲ್ಲಿ ತೀವ್ರ ಮನೋರೋಗಿಗಳ ಪಾಲಿಗೆ ಬರುವುದು ನೂರಕ್ಕೆ 5.2 ಮಾತ್ರ. ಎಂದರೆ, ಅಂಥ ರೋಗಿಗಳೆಲ್ಲರೂ ಮಾಯವಾದರೂ ನೂರು ಅಪರಾಧಗಳಲ್ಲಿ ಸುಮಾರು ತೊಂಬತ್ತೈದು ಹಾಗೆಯೇ ನಡೆಯುತ್ತಿದ್ದುವು.

ಅಮೆರಿಕದಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಿದ ಸಾವಿರಕ್ಕೂ ಹೆಚ್ಚು ರೋಗಿಗಳ ನಡವಳಿಕೆಯನ್ನು ಒಂದು ವರ್ಷ ಕಾಲ ಗಮನಿಸಿದ ಇನ್ನೊಂದು ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಪಿಟ್ಸ್‌ಬರ್ಗ್ ನಗರದಲ್ಲಿ ಈ ರೋಗಿಗಳನ್ನು ಅವರ ನೆರೆಹೊರೆಯವರೊಂದಿಗೆ ಹೋಲಿಸಿದರು. ಕುಡಿತ, ಮಾದಕ ವಸ್ತುಗಳ ಚಟ ಇಲ್ಲದ ರೋಗಿಗೂ, ಅಂಥ ಚಟವಿಲ್ಲದ ನೆರೆಯವನಿಗೂ ಹಿಂಸೆಯ ಮಟ್ಟಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬರಲಿಲ್ಲ. ಚಟ ಸೇರಿಕೊಂಡಲ್ಲಿ ಇಬ್ಬರಲ್ಲಿಯೂ ಹಿಂಸೆ ಏರಿತು.

ಸತ್ಯವನ್ನು ಹೇಳುವಾಗ ಅರ್ಧ ಮಾತ್ರ ಹೇಳುವುದು ಸಲ್ಲದು. ಕೆಲವು ತೀವ್ರ ಕಾಯಿಲೆಗಳಲ್ಲಿ, ಅದೂ ಭ್ರಾಂತಿ ಕೆರಳಿ ಚಿಕಿತ್ಸೆ ದೊರೆಯದೆ ಹೋದಾಗ, ಅಪಾಯ ತುಸು ಹೆಚ್ಚುವುದು ನಿಜ. ಮೆಕ್‌ನಾಟನ್ ಕಟ್ಟುಕಥೆಯ ಮನುಷ್ಯನಲ್ಲ. ಆದರೆ ಆ ಅಪಾಯ ಬಹುಮಟ್ಟಿಗೆ ತಗಲುವುದು ಬೀದಿಯಲ್ಲಿ ಹೋಗುವ ಅಪರಿಚಿತರಿಗಲ್ಲ, ಹಗಲಿರುಳು ಆರೈಕೆ ಮಾಡುವ ಮನೆಯವರಿಗೆ. ಅದನ್ನು ತಗ್ಗಿಸುವ ದಾರಿ ಚಿಕಿತ್ಸೆಯೇ ಹೊರತು ತಿರಸ್ಕಾರವಲ್ಲ.

ಲೆಕ್ಕದ ಇನ್ನೊಂದು ಮುಖವನ್ನು ಜನರು ನೋಡುವುದೇ ಇಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಷಿಕಾಗೋ ನಗರದಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ತೀವ್ರ ಮನೋರೋಗಿಗಳನ್ನು ವಿಚಾರಿಸಿದಾಗ, ಹಿಂದಿನ ಒಂದು ವರ್ಷದಲ್ಲಿ ಅವರಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು ಮಂದಿ ಹಿಂಸಾತ್ಮಕ ಅಪರಾಧಕ್ಕೆ ಗುರಿಯಾಗಿದ್ದುದು ತಿಳಿದುಬಂದಿತು. ಸಾಮಾನ್ಯ ಜನರಿಗೆ ಹೋಲಿಸಿದರೆ ಇದು ಹನ್ನೊಂದು ಪಟ್ಟಿಗೂ ಹೆಚ್ಚು. ಯಾರನ್ನು ಕಂಡು ಊರು ಹೆದರುತ್ತದೆಯೋ ಅವನೇ ಊರಿನಿಂದ ಪೆಟ್ಟು ತಿನ್ನುತ್ತಿರುತ್ತಾನೆ.

967 ಮಂದಿಯ ಪರೀಕ್ಷೆ

ಇನ್ನು ವೈದ್ಯನ ಮಾತಿಗೆ ಬರೋಣ. ‘ಇವನು ಅಪಾಯಕಾರಿ’ ಎಂದು ಮನೋವೈದ್ಯನು ಬರೆದುಕೊಟ್ಟರೆ ಆ ಬರಹದ ಬೆಲೆಯೆಷ್ಟು? ಇದನ್ನು ಪರೀಕ್ಷಿಸಲು ಇರುವ ದಾರಿಯೊಂದೇ: ಹಾಗೆ ಬರೆಸಿಕೊಂಡವರನ್ನೆಲ್ಲ ಬಿಟ್ಟು ನೋಡಬೇಕು. ಯಾವ ಸರ್ಕಾರ ತಾನೇ ಅದಕ್ಕೆ ಒಪ್ಪೀತು? ಆದರೆ 1966ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಯಾರೂ ಬಯಸದೆ, ಆ ಪರೀಕ್ಷೆ ತಾನಾಗಿಯೇ ನಡೆದುಹೋಯಿತು.

ಜಾನಿ ಬ್ಯಾಕ್ಸ್‌ಸ್ಟ್ರಾಮ್ ಎಂಬಾತನು 1959ರಲ್ಲಿ ಹಲ್ಲೆಯ ಅಪರಾಧಕ್ಕಾಗಿ ಎರಡೂವರೆಯಿಂದ ಮೂರು ವರ್ಷಗಳ ಸಜೆಗೆ ಗುರಿಯಾಗಿದ್ದನು. 1961ರಲ್ಲಿ ಸೆರೆಮನೆಯ ವೈದ್ಯನು ಅವನನ್ನು ಬುದ್ಧಿಭ್ರಮಿತನೆಂದು ದೃಢೀಕರಿಸಿದನು. ಕೂಡಲೇ ಅವನನ್ನು ‘ಅಪರಾಧಿ ಹುಚ್ಚ’ರಿಗೆಂದು ಮೀಸಲಾಗಿದ್ದ ಡ್ಯಾನೆಮೋರಾ ಆಸ್ಪತ್ರೆಗೆ ಕಳುಹಿಸಿದರು. ಆ ವರ್ಷದ ಕೊನೆಗೆ ಸಜೆಯ ಅವಧಿ ತೀರಿತು. ಆದರೆ ಬಾಗಿಲು ತೆರೆಯಲಿಲ್ಲ. ಅವನು ಅರ್ಜಿಯ ಮೇಲೆ ಅರ್ಜಿ ಬರೆಯುತ್ತ ಹೋದನು. ಕಡೆಗೆ 1966ರ ಫೆಬ್ರವರಿ 23ರಂದು ಅಮೆರಿಕದ ಸುಪ್ರೀಂ ಕೋರ್ಟು, ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಅವರ ಮೂಲಕ, ಒಮ್ಮತದ ತೀರ್ಪಿತ್ತಿತು. ಸಜೆ ಮುಗಿದ ಮೇಲೆ ಆ ಮನುಷ್ಯನೂ ಇತರ ನಾಗರಿಕರಂತೆಯೇ. ಇತರರಿಗೆ ದೊರೆಯುವ ವಿಚಾರಣೆ ಅವನಿಗೂ ದೊರೆಯಬೇಕು. ಒಮ್ಮೆ ಅಪರಾಧ ಮಾಡಿದ್ದನೆಂಬ ಒಂದೇ ಕಾರಣದಿಂದ ಅವನನ್ನು ಅಪಾಯಕಾರಿ ಹುಚ್ಚನೆಂದು ಎಣಿಸುವುದು ಸಮಾನತೆಗೆ ವಿರುದ್ಧ ಎಂದು ಅದು ಹೇಳಿತು.

ಬ್ಯಾಕ್ಸ್‌ಸ್ಟ್ರಾಮನಂತೆಯೇ ಅವಧಿ ತೀರಿದರೂ ಒಳಗೆ ಕೊಳೆಯುತ್ತಿದ್ದವರು ಆ ರಾಜ್ಯದಲ್ಲಿ ನೂರಾರು ಮಂದಿ ಇದ್ದರು. ಅನೇಕರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೊರಗಿನ ಬೆಳಕನ್ನೇ ಕಂಡವರಲ್ಲ. ಸಾಮಾನ್ಯ ಆಸ್ಪತ್ರೆಗೆ ಕಳುಹಿಸಲಾರದಷ್ಟು ಅಪಾಯಕಾರಿಗಳೆಂದು ಅವರನ್ನು ಇಟ್ಟುಕೊಳ್ಳಲಾಗಿತ್ತು. ತೀರ್ಪಿನ ಫಲವಾಗಿ ಕೆಲವೇ ತಿಂಗಳಲ್ಲಿ ಅಂಥ 967 ಮಂದಿಯನ್ನು ಸಾಮಾನ್ಯ ಮಾನಸಿಕ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಅಲ್ಲಿನ ಸಿಬ್ಬಂದಿಯವರ ಎದೆ ನಡುಗಿತು. ಹುಲಿಗಳನ್ನು ಕೊಟ್ಟಿಗೆಗೆ ಬಿಡುತ್ತಿದ್ದಾರೆಂಬಂಥ ಭೀತಿ ಹಬ್ಬಿತು.

ಆದುದೇನು? ಹೆನ್ರಿ ಸ್ಟೆಡ್‌ಮನ್ ಮತ್ತು ಜೋಸೆಫ್ ಕೊಕೊಜಾ ಎಂಬ ಸಂಶೋಧಕರು ಈ ಜನರ ಜಾಡನ್ನು ನಾಲ್ಕು ವರ್ಷ ಹಿಡಿದು ಹೋದರು. ಅಪರಾಧಿಗಳ ಆಸ್ಪತ್ರೆಗೆ ಮರಳಿ ಕಳುಹಿಸಬೇಕಾಗಿ ಬಂದವರ ಸಂಖ್ಯೆ ನೂರಕ್ಕೆ ಮೂರನ್ನೂ ಮುಟ್ಟಲಿಲ್ಲ. ಹಲವರು ಸಾಮಾನ್ಯ ವಾರ್ಡುಗಳಲ್ಲಿ ಇತರ ರೋಗಿಗಳೊಂದಿಗೆ ಬೆರೆತುಹೋದರು. ಹಲವರು ಮನೆ ಸೇರಿದರು. ಅವರಲ್ಲಿ ಬಹುಮಂದಿ ನಡುವಯಸ್ಸು ದಾಟುತ್ತಿದ್ದವರೆಂಬುದನ್ನು, ವಯಸ್ಸಾದಂತೆ ಮನುಷ್ಯನ ಆರ್ಭಟ ಇಳಿಯುವುದೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಅಷ್ಟನ್ನು ತಿಳಿಯಲು ವೈದ್ಯಶಾಸ್ತ್ರವೇ ಬೇಕಾಗಿರಲಿಲ್ಲ. ವಯಸ್ಸಾದುದನ್ನು ಕಂಡೂ ಬಾಗಿಲು ತೆರೆಯದಂತೆ ಮಾಡಿದುದು ವೈದ್ಯರ ಎಚ್ಚರಿಕೆಯೆನಿಸಿಕೊಂಡ ಭಯ. ಒಬ್ಬ ತಪ್ಪಿ ಹೊರಬಂದು ಹಾವಳಿ ಮಾಡಿದರೆ ವೈದ್ಯನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ನೂರು ನಿರಪಾಯರು ಒಳಗೇ ಸತ್ತರೆ ಯಾರ ಹೆಸರೂ ಬರುವುದಿಲ್ಲ. ಹೀಗಿರುವಾಗ ಲೇಖನಿ ಯಾವ ಕಡೆಗೆ ವಾಲೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

ನೂರಕ್ಕೆ ನೂರು ಎಂದ ಸಾಕ್ಷಿ

ಇಷ್ಟಾದರೂ ನ್ಯಾಯಾಲಯಗಳಿಗೆ ವೈದ್ಯನ ಭವಿಷ್ಯವಾಣಿಯ ಮೇಲಿನ ಆಸೆ ಬಿಡಲಿಲ್ಲ. ಟೆಕ್ಸಾಸ್ ರಾಜ್ಯದಲ್ಲಿ ಕೊಲೆಗಾರನಿಗೆ ಮರಣದಂಡನೆ ವಿಧಿಸಬೇಕಾದರೆ, ಅವನು ಮುಂದೆಯೂ ಸಮಾಜಕ್ಕೆ ಕಂಟಕನಾಗುವನೇ ಎಂಬುದನ್ನು ಪಂಚರು ನಿರ್ಧರಿಸಬೇಕಾಗಿತ್ತು. 1978ರಲ್ಲಿ ಥಾಮಸ್ ಬೇರ್‌ಫುಟ್ ಎಂಬವನು ಪೊಲೀಸ್ ಅಧಿಕಾರಿಯೊಬ್ಬನನ್ನು ಕೊಂದನು. ವಿಚಾರಣೆಯಲ್ಲಿ ಇಬ್ಬರು ಮನೋವೈದ್ಯರು ಸರ್ಕಾರದ ಪರವಾಗಿ ಸಾಕ್ಷಿ ಹೇಳಿದರು. ಇಬ್ಬರೂ ಅವನನ್ನು ಒಮ್ಮೆಯಾದರೂ ಪರೀಕ್ಷಿಸಿರಲಿಲ್ಲ. ಅವರಲ್ಲಿ ಒಬ್ಬರಾದ ಜೇಮ್ಸ್ ಗ್ರಿಗ್ಸನ್, ಈತ ಮತ್ತೆ ಹಿಂಸೆಗೆ ತೊಡಗುವುದು ನೂರಕ್ಕೆ ನೂರು ಖಂಡಿತವೆಂದರು.

ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದಾಗ ಅಮೆರಿಕದ ಮನೋವೈದ್ಯರ ಸಂಘವೇ ಮುಂದೆ ಬಂದು ಅಪರೂಪದ ಮಾತನ್ನಾಡಿತು: ದೂರದ ಭವಿಷ್ಯದ ಹಿಂಸೆಯನ್ನು ಕುರಿತು ತಮ್ಮವರು ನುಡಿಯುವ ಭವಿಷ್ಯ ಮೂರರಲ್ಲಿ ಎರಡು ಸಲ ಸುಳ್ಳಾಗುತ್ತದೆ, ಅದನ್ನು ಸಾಕ್ಷ್ಯವೆಂದು ತೆಗೆದುಕೊಳ್ಳಬೇಡಿ ಎಂದು ಅದು ಬರೆದುಕೊಟ್ಟಿತು. ತಮ್ಮ ವಿದ್ಯೆಯ ಮಿತಿಯನ್ನು ತಜ್ಞರೇ ಒಪ್ಪಿಕೊಂಡರೂ ನ್ಯಾಯಾಲಯ ಒಪ್ಪಲಿಲ್ಲ. ಅವರು ಯಾವಾಗಲೂ ತಪ್ಪುತ್ತಾರೆಂದೇನೂ ಹೇಳಿಲ್ಲವಲ್ಲ ಎಂದು ಬಹುಮತದ ತೀರ್ಪು 1983ರಲ್ಲಿ ವಾದ ಹೂಡಿತು. 1984ರಲ್ಲಿ ಬೇರ್‌ಫುಟ್‌ಗೆ ಮರಣದಂಡನೆಯಾಯಿತು. ಪರೀಕ್ಷಿಸದೆಯೇ ರೋಗನಿರ್ಣಯ ಮಾಡುವ ಚಾಳಿಗಾಗಿ ಗ್ರಿಗ್ಸನ್ ಅವರನ್ನು ಆ ಸಂಘ 1995ರಲ್ಲಿ ಹೊರಹಾಕಿತು.

ಬೇರ್‌ಫುಟ್ ಮಾಡಿದುದು ಘೋರ ಕೃತ್ಯ; ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಡಿದುದಕ್ಕೆ ದಂಡಿಸುವುದು ಒಂದು, ಮುಂದೆ ಮಾಡಬಹುದಾದುದಕ್ಕೆ ದಂಡಿಸುವುದು ಇನ್ನೊಂದು. ಜ್ಯೋತಿಷಿಯ ಬಾಯಲ್ಲಿ ಬಂದಿದ್ದರೆ ಯಾವ ನ್ಯಾಯಾಲಯವೂ ಕೇಳದ ಮಾತು, ಬಿಳಿಯ ಅಂಗಿ ತೊಟ್ಟವನ ಬಾಯಲ್ಲಿ ಬಂದಾಗ ಪ್ರಮಾಣವಾಯಿತು.

ಹುಸಿ ರೋಗಿಗಳು

ಹಾಗಾದರೆ ಮನೋವೈದ್ಯಶಾಸ್ತ್ರವೇ ಬುರುಡೆಯೇ? ಹಾಗೆಂದು ಸಾರಿ ಜಗತ್ತಿನ ಚಪ್ಪಾಳೆ ಗಿಟ್ಟಿಸಿದ ಪ್ರಯೋಗವೊಂದುಂಟು. 1973ರಲ್ಲಿ ಡೇವಿಡ್ ರೋಸೆನ್‌ಹಾನ್ ಎಂಬ ಮನಶ್ಶಾಸ್ತ್ರಜ್ಞರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದ ಪ್ರಕಾರ, ಅವರನ್ನೂ ಒಳಗೊಂಡು ಆರೋಗ್ಯವಂತರಾದ ಎಂಟು ಮಂದಿ ಹನ್ನೆರಡು ಆಸ್ಪತ್ರೆಗಳಿಗೆ ಹೋಗಿ, ಕಿವಿಯಲ್ಲಿ ಏನೋ ದನಿ ಕೇಳಿಸುತ್ತದೆ ಎಂದಷ್ಟೇ ಹೇಳಿದರು. ಎಲ್ಲರನ್ನೂ ಒಳಗೆ ಸೇರಿಸಿಕೊಂಡರು. ಆಮೇಲೆ ಅವರು ಸಹಜವಾಗಿಯೇ ನಡೆದುಕೊಂಡರೂ ಸರಾಸರಿ ಹತ್ತೊಂಬತ್ತು ದಿನ ಒಳಗಿರಬೇಕಾಯಿತು. ಅವರು ಸುಳ್ಳು ರೋಗಿಗಳೆಂದು ವೈದ್ಯರಿಗೆ ಹೊಳೆಯಲಿಲ್ಲ; ನಿಜವಾದ ರೋಗಿಗಳಲ್ಲಿ ಕೆಲವರಿಗೆ ಹೊಳೆಯಿತು!

ಈ ಲೇಖನ ಮನೋವೈದ್ಯರ ಮಾನವನ್ನು ಹರಾಜು ಹಾಕಿತು. ರೋಗನಿರ್ಣಯದ ನಿಯಮಗಳನ್ನು ಬಿಗಿಗೊಳಿಸಿದ 1980ರ ಅಮೆರಿಕನ್ ಕೈಪಿಡಿಯ ಹಿಂದೆ ಈ ಮುಖಭಂಗದ ನೆನಪೂ ಇತ್ತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸುಸಾನಾ ಕೆಹಲನ್ ಎಂಬ ಪತ್ರಕರ್ತೆ ಹಳೆಯ ಕಾಗದಪತ್ರಗಳನ್ನು ಹುಡುಕಿ 2019ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ರೋಸೆನ್‌ಹಾನ್ ವೈದ್ಯರಿಗೆ ಹೇಳಿದುದು ಬರಿಯ ದನಿಯ ಮಾತಲ್ಲ, ಅದಕ್ಕಿಂತ ತೀವ್ರವಾದ ಲಕ್ಷಣಗಳನ್ನು ಎಂಬುದು ಆಸ್ಪತ್ರೆಯ ದಾಖಲೆಯಿಂದ ಹೊರಬಿದ್ದಿತು. ಆಸ್ಪತ್ರೆಯಲ್ಲಿ ತನ್ನನ್ನು ಚೆನ್ನಾಗಿ ನೋಡಿಕೊಂಡರೆಂದ ಒಬ್ಬನನ್ನು ಲೆಕ್ಕದಿಂದಲೇ ಕೈಬಿಡಲಾಗಿತ್ತು. ಉಳಿದವರಲ್ಲಿ ಬಹುಮಂದಿಯ ಗುರುತೇ ಆಕೆಗೆ ಸಿಗಲಿಲ್ಲ.

ಇಲ್ಲಿ ಕಲಿಯಬೇಕಾದುದು ದೊಡ್ಡದು. ವೈದ್ಯನ ಮಾತನ್ನು ಕಣ್ಣು ಮುಚ್ಚಿ ನಂಬುವುದು ಹೇಗೆ ತಪ್ಪೋ, ವೈದ್ಯನನ್ನು ಹಳಿಯುವವನ ಮಾತನ್ನು ಕಣ್ಣು ಮುಚ್ಚಿ ನಂಬುವುದೂ ಹಾಗೆಯೇ ತಪ್ಪು. ಇದೇ ಶಾಸ್ತ್ರ ಮಿದುಳನ್ನು ಕತ್ತರಿಸುವ ಶಸ್ತ್ರಕ್ರಿಯೆಗೆ 1949ರಲ್ಲಿ ನೊಬೆಲ್ ಪಾರಿತೋಷಕ ದೊರೆತುದನ್ನು ಕಂಡು ಹಿಗ್ಗಿತು; ಮುಂದೆ ಅದಕ್ಕಾಗಿ ತಲೆ ತಗ್ಗಿಸಿತು. ಇದೇ ಶಾಸ್ತ್ರ 1952ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯನ್ನು ಪ್ರಯೋಗಿಸಿ, ಜೀವನಪರ್ಯಂತ ಒಳಗಿರಬೇಕಾಗಿದ್ದ ಅನೇಕರಿಗೆ ಮನೆಯ ದಾರಿ ತೋರಿಸಿತು. ಅದಕ್ಕೂ ಮೊದಲೇ, 1931ರಲ್ಲಿ, ಕಲ್ಕತ್ತೆಯ ಸೇನ್ ಮತ್ತು ಬೋಸ್ ಎಂಬ ವೈದ್ಯರು ಈ ನಾಡಿನ ಸರ್ಪಗಂಧಿಯ ಬೇರು ಉನ್ಮಾದವನ್ನು ತಣಿಸುವ ಬಗೆಯನ್ನು ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದ್ದರು. ಗುಣಪಡಿಸುವುದರಲ್ಲಿ ವೈದ್ಯನ ಕೈ ಬಲವಾಗಿದೆ. ಭವಿಷ್ಯ ನುಡಿಯುವುದರಲ್ಲಿ ದುರ್ಬಲವಾಗಿದೆ. ಜನರು ಎಲ್ಲಿ ಅವನ ಕೈ ಹಿಡಿಯಬೇಕೋ ಅಲ್ಲಿ ಬಿಟ್ಟು, ಎಲ್ಲಿ ಬಿಡಬೇಕೋ ಅಲ್ಲಿ ಹಿಡಿಯುತ್ತಿದ್ದಾರೆ.

ತೀರ್ಪಿಲ್ಲದ ಸೆರೆ

ಇದೆಲ್ಲ ಪರದೇಶದ ಕಥೆಯೆಂದು ಪುಟ ಮಗುಚುವಂತಿಲ್ಲ. 1951ರಲ್ಲಿ ಅಸ್ಸಾಮಿನ ಹಳ್ಳಿಯ ತರುಣನೊಬ್ಬನನ್ನು ಹಲ್ಲೆಯ ಆರೋಪದ ಮೇಲೆ ಹಿಡಿದರು. ಬುದ್ಧಿ ಸರಿಯಿಲ್ಲವೆಂದು ತೇಜಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1967ರಲ್ಲಿ ಅಲ್ಲಿನ ವೈದ್ಯರು ಈತ ಗುಣಹೊಂದಿದ್ದಾನೆಂದು ಬರೆದುಕೊಟ್ಟರು. ಆದರೆ ಅವನು ಹೋದುದು ಮನೆಗಲ್ಲ, ಗುವಾಹಟಿಯ ಸೆರೆಮನೆಗೆ. ವಿಚಾರಣೆ ನಡೆಯಲಿಲ್ಲ, ತೀರ್ಪು ಬರಲಿಲ್ಲ, ಆರೋಪ ಎಂದೂ ರುಜುವಾತಾಗಲಿಲ್ಲ. 2005ರಲ್ಲಿ ಮಾನವ ಹಕ್ಕುಗಳ ಆಯೋಗದ ಕಣ್ಣಿಗೆ ಬಿದ್ದು, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಹೊರಬಂದಾಗ ಆ ತರುಣನಿಗೆ ಎಪ್ಪತ್ತೇಳು ವರ್ಷ! ಸುಪ್ರೀಂ ಕೋರ್ಟು ಮೂರು ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡಿಸಿತು. ಹೊರಬಂದ ಎರಡೇ ವರ್ಷಗಳಲ್ಲಿ ಅವನು ತೀರಿಕೊಂಡನು.

ಇಲ್ಲಿ ತಪ್ಪಿದುದು ವೈದ್ಯನಲ್ಲ. ಆತ ಸತ್ಯವನ್ನೇ ಬರೆದಿದ್ದನು. ಆದರೆ ‘ಅಪಾಯಕಾರಿ’ ಎಂದು ವೈದ್ಯ ಬರೆದರೆ ಅಕ್ಷರಶಃ ಪಾಲಿಸುವ ಆಡಳಿತ, ‘ಗುಣವಾಗಿದ್ದಾನೆ’ ಎಂದು ಬರೆದರೆ ಓದುವುದೇ ಇಲ್ಲ. ಯಾವ ಅಪರಾಧದ ಆರೋಪವೂ ಇಲ್ಲದ ಮನೋರೋಗಿಗಳನ್ನು ಸಹ ಅನೇಕ ರಾಜ್ಯಗಳಲ್ಲಿ ಸೆರೆಮನೆಗಳಲ್ಲಿ ಇಡುವ ವಾಡಿಕೆ ದೀರ್ಘಕಾಲ ನಡೆದಿತ್ತು. ಶೀಲಾ ಬರ್ಸೆ ಅವರು ತಂದ ಮೊಕದ್ದಮೆಯಲ್ಲಿ 1993ರಲ್ಲಷ್ಟೇ ಸುಪ್ರೀಂ ಕೋರ್ಟು ಅದನ್ನು ಸಂವಿಧಾನಬಾಹಿರವೆಂದು ಘೋಷಿಸಿತು.

ವೈದ್ಯನನ್ನು ಸಂಪೂರ್ಣವಾಗಿ ದೂರವಿಟ್ಟರೆ ಏನಾಗುತ್ತದೆಂಬುದಕ್ಕೂ ನಿದರ್ಶನ ಈ ದೇಶದಲ್ಲೇ ಇದೆ. 2001ರ ಆಗಸ್ಟ್ 6ರ ಮುಂಜಾವಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ‘ಮಾನಸಿಕ ಗೃಹ’ವೆಂದು ಹೆಸರಿಟ್ಟುಕೊಂಡ ಗುಡಿಸಲಿಗೆ ಬೆಂಕಿ ಬಿದ್ದಿತು. ಒಳಗಿದ್ದವರ ಕಾಲುಗಳಿಗೆ ಸರಪಳಿ ಬಿಗಿದಿತ್ತು. 28 ಮಂದಿ ಸತ್ತರು. ಅವರಾರೂ ಅಪರಾಧಿಗಳಲ್ಲ. ದರ್ಗಾದ ಸಾನ್ನಿಧ್ಯದಲ್ಲಿ ಗುಣವಾದೀತೆಂಬ ಆಸೆಯಿಂದ, ಹತ್ತಿರದಲ್ಲಿ ಬೇರೆ ಆಸರೆಯಿಲ್ಲದೆ, ಮನೆಯವರೇ ತಂದು ಬಿಟ್ಟುಹೋದವರು.

ನಂಬಿಕೆಗೂ ಷರತ್ತು ಬೇಕು

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ನೂರು ವಯಸ್ಕರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಲ್ಲಿದ್ದಾರೆ. ಬಹುತೇಕ ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ರೋಗಿಗಳು ಚಿಕಿತ್ಸೆಯ ಹೊಸ್ತಿಲನ್ನೇ ತುಳಿದಿಲ್ಲ. ಎಂದರೆ, ಪ್ರತಿಯೊಂದು ದೊಡ್ಡ ಸಂಸಾರದಲ್ಲಿಯೂ ಒಬ್ಬರಿದ್ದಾರು. ‘ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು’ ಎಂಬ ಗಾದೆಯನ್ನು ನಕ್ಕು ಹೇಳುವ ಮನೆಗಳಲ್ಲಿಯೇ, ಮಗಳ ಸಂಬಂಧ ತಪ್ಪೀತೆಂದು ಮಗನ ಕಾಯಿಲೆಯನ್ನು ಮುಚ್ಚಿಡುವವರೂ ಇದ್ದಾರೆ. ಅವರನ್ನು ಹಳಿದು ಫಲವಿಲ್ಲ. ಹುಚ್ಚನೆಂದರೆ ಕೊಲೆಗಾರನೆಂದು ಬೀದಿಯೆಲ್ಲ ನಂಬಿರುವಾಗ, ಆಸ್ಪತ್ರೆಯ ಚೀಟಿ ಕೈಯಲ್ಲಿ ಹಿಡಿದು ಹೊರಬರಲು ಯಾವ ತಾಯಿಗೆ ಧೈರ್ಯ ಬಂದೀತು?

ಹಾಗೆಂದು ವೈದ್ಯರ ಕೈಗೆ ಎಲ್ಲವನ್ನೂ ಒಪ್ಪಿಸಿ ನಿಶ್ಚಿಂತರಾಗಿರೆಂದು ಹೇಳುವಂತೆಯೂ ಇಲ್ಲ. ಬ್ಯಾಕ್ಸ್‌ಸ್ಟ್ರಾಮನ ಕಥೆ ಕೇಳಿದ ಮೇಲೆ ಹಾಗೆ ಹೇಳುವವನು ಬುದ್ಧಿವಂತನಲ್ಲ. ಈ ಎರಡು ತುದಿಗಳ ನಡುವೆ ಭಾರತದ ಕಾನೂನು ಈಗ ಒಂದು ದಾರಿ ಹಾಕಿಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದರ ಪ್ರಕಾರ ರೋಗಿಯ ಒಪ್ಪಿಗೆಯಿಲ್ಲದೆ ಒಳಗೆ ಸೇರಿಸಬೇಕಾದರೆ ಒಬ್ಬ ವೈದ್ಯನ ಮಾತು ಸಾಲದು. ಒಬ್ಬ ಮನೋವೈದ್ಯನೂ ಇನ್ನೊಬ್ಬ ತಜ್ಞನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಆ ದಾಖಲಾತಿಯ ವರದಿ ಪರಿಶೀಲನಾ ಮಂಡಲಿಗೆ ಹೋಗಬೇಕು. ರೋಗಿ ಅಲ್ಲಿ ಅಹವಾಲು ಹೇಳಿಕೊಳ್ಳಬಹುದು. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡವೆಂದು ಚೆನ್ನಾಗಿರುವಾಗಲೇ ಬರೆದಿಡಬಹುದು. ಸರಪಳಿ ಬಿಗಿಯುವುದೂ, ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ನಡೆಸುವುದೂ ನಿಷಿದ್ಧ. ಹಿಂದೊಮ್ಮೆ ಆಸ್ಪತ್ರೆಯಲ್ಲಿದ್ದನೆಂಬ ಮಾತ್ರಕ್ಕೆ ಇಂದೂ ರೋಗಿಯೆಂದು ನಿರ್ಧರಿಸುವಂತಿಲ್ಲ. ಕಾಗದದ ಮೇಲಿನ ಈ ಹಕ್ಕುಗಳು ಆಸ್ಪತ್ರೆಯ ಹೊಸ್ತಿಲು ದಾಟಿ ಒಳಗೆ ಬರಬೇಕಾದರೆ ಕೇಳುವವರು ಬೇಕು.

ಆದುದರಿಂದ ವೈದ್ಯರ ಮುಂದೆ ಕುಳಿತ ಮನೆಯವರು ಸಂಕೋಚಪಡದೆ ಕೇಳಬೇಕು: ಕಾಯಿಲೆ ಯಾವುದು, ಹಾಗೆಂದು ತಿಳಿದುದು ಹೇಗೆ, ಈ ಮಾತ್ರೆಯಿಂದ ಆಗುವ ಒಳಿತೇನು, ಕೆಡುಕೇನು, ಎಷ್ಟು ಕಾಲ ನುಂಗಬೇಕು, ಇನ್ನೊಬ್ಬರ ಅಭಿಪ್ರಾಯ ಪಡೆಯಬಹುದೇ? ಒಳ್ಳೆಯ ವೈದ್ಯನು ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ. ತಿಳಿಯದುದನ್ನು ತಿಳಿಯದು ಎನ್ನುವವನನ್ನು ನಂಬಬಹುದು; ನೂರಕ್ಕೆ ನೂರು ಎನ್ನುವವನಿಂದ ಎದ್ದು ಬರುವುದು ಲೇಸು. ಎಲ್ಲಿಗೆ ಹೋಗಬೇಕೆಂದು ತೋಚದವರು 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ದುಡ್ಡು ಖರ್ಚಿಲ್ಲದೆ ಸಲಹೆ ದೊರೆಯುತ್ತದೆ.

ನೆರೆಹೊರೆಯವರಿಗೂ ಒಂದು ಕರ್ತವ್ಯವಿದೆ. ಪಕ್ಕದ ಮನೆಯ ಹುಡುಗನಿಗೆ ಕಾಮಾಲೆಯಾದಾಗ ಗಂಜಿ ಕೊಟ್ಟು ವಿಚಾರಿಸಿಕೊಂಡು ಬರುವವರು, ಅವನಿಗೆ ಬುದ್ಧಿಯ ಕಾಯಿಲೆ ಬಂದಾಗ ಬಾಗಿಲು ಹಾಕಿಕೊಳ್ಳಬಾರದು. ಔಷಧಿ ನುಂಗಿಸುವ ತಾಯಿಗೆ ಒಂದು ಗಳಿಗೆ ಬಿಡುವು ಕೊಡುವಂತೆ ಅವನ ಬಳಿ ಕುಳಿತು ಮಾತನಾಡಿದರೂ ಸಾಕು. ವರ್ಷಗಟ್ಟಲೆ ಭ್ರಾಂತಿಯಲ್ಲಿ ಬೆಂದ ಮೆಕ್‌ನಾಟನ್, ತನ್ನನ್ನು ಹಿಂಬಾಲಿಸುವವರಿಂದ ಕಾಪಾಡಿರೆಂದು ತಂದೆಯ ಬಳಿ, ಗ್ಲಾಸ್ಗೋ ನಗರದ ಅಧಿಕಾರಿಗಳ ಬಳಿ ಹೋಗಿ ಮೊರೆಯಿಟ್ಟಿದ್ದನೆಂದು ವಿಚಾರಣೆಯಲ್ಲಿ ಹೊರಬಿದ್ದಿತ್ತು. ಅವರೆಲ್ಲರೂ ಅವನ ಮಾತನ್ನು ಕೇಳಿ ಸುಮ್ಮನೆ ಕಳುಹಿಸಿಕೊಟ್ಟಿದ್ದರು.